ಮರಳಿ ಬರುವ ತಂತಿ

ಒಳಬಂದ ಕರೆಂಟನ್ನು ಸರ್ಕ್ಯೂಟುಗಳಿಗೆ ಹಂಚುವ ಡಿಸ್ಟ್ರಿಬ್ಯೂಷನ್ ಬೋರ್ಡು, ಅದೂ ಬೇರೆಯವರು ಕೆಲಸ ಮಾಡಿದ್ದು, ಅದರ ಬಾಗಿಲು ತೆರೆದಾಗ ನಾನು ಮೊದಲು ನೋಡುವುದು ಎಂಸಿಬಿಗಳ ಸಾಲನ್ನಲ್ಲ, ನ್ಯೂಟ್ರಲ್ ಬಾರನ್ನು. ಎಂಸಿಬಿಗಳು, ಅಂದರೆ ಕರೆಂಟು ಮಿತಿ ಮೀರಿದರೆ ತಾವೇ ಕಡಿಯುವ ಸ್ವಿಚ್ಚುಗಳು, ಕಾರ್ಖಾನೆಯಿಂದಲೇ ಅಂದವಾಗಿ ಬರುತ್ತವೆ. ಒಂದೊಂದೂ ಸುಮಾರು 18 ಮಿಲಿಮೀಟರ್ ಅಗಲ. 35 ಮಿಲಿಮೀಟರಿನ ರೈಲ್ ಪಟ್ಟಿಯ ಮೇಲೆ ಒತ್ತಿದರೆ ಟಕ್ ಎಂದು ಕೂರುತ್ತವೆ. ಮೇಲೆ ಮುಚ್ಚಳ ಬಿದ್ದರೆ ಎಂಥ ಕೆಲಸವೂ ಚೆಂದ ಕಾಣುತ್ತದೆ. ನ್ಯೂಟ್ರಲ್ ಬಾರ್‌ಗೆ ಆ ಅನುಕೂಲವಿಲ್ಲ. ಅದೊಂದು ಹಿತ್ತಾಳೆಯ ಪಟ್ಟಿ, ಕರೆಂಟು ಮರಳಿ ಬರುವ ನ್ಯೂಟ್ರಲ್ ತಂತಿಗಳೆಲ್ಲ ಬಂದು ಸೇರುವ ಜಾಗ. ಉದ್ದಕ್ಕೂ ತೂತುಗಳು, ತೂತಿಗೊಂದು ಸ್ಕ್ರೂ. ಕೆಲಸ ಮಾಡಿದವನು ತಂತಿಗಳನ್ನು ಯಾವ ಕ್ರಮದಲ್ಲಿ ತಂದ, ಎಷ್ಟು ಉದ್ದ ಬಿಟ್ಟ, ಒಂದು ತೂತಿಗೆ ಎರಡನ್ನು ತುರುಕಿದನೇ, ತುದಿಗೆ ಸಂಖ್ಯೆ ಹಾಕಿದನೇ, ಎಲ್ಲವೂ ಅಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಆ ಬಾರ್‌ನ ಸರದಿ ಬರುವುದು ಕೊನೆಯಲ್ಲಿ, ಸಂಜೆ, ಕೈ ಸೋತಾಗ. ಆ ಹೊತ್ತಿನಲ್ಲೂ ಅವನ ಗಮನ ಕೆಲಸದ ಮೇಲೆಯೇ ಇತ್ತೇ ಎಂಬುದು ನನಗೆ ಬೇಕಾದ ಸಂಗತಿ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೆಚ್ಚು ಮಾತಿನವರಲ್ಲ. ನಾನು ಮೊದಲ ಬಾರಿಗೆ ಒಬ್ಬನೇ ಒಂದು ತ್ರೀ ಫೇಸ್ ಬೋರ್ಡಿನ ಡ್ರೆಸಿಂಗ್, ಅಂದರೆ ತಂತಿಗಳನ್ನು ಒಪ್ಪವಾಗಿ ಜೋಡಿಸುವ ಕೆಲಸ, ಮುಗಿಸಿ ಅವರನ್ನು ಕರೆದಾಗ, ಕನ್ನಡಕ ಏರಿಸಿಕೊಂಡು ಐದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಒಂದು ಎಂಸಿಬಿಯ ಮೇಲೆ ಬೆರಳಿಟ್ಟು, "ಇಲ್ಲಿಂದ ಕರೆಂಟು ಹೊರಗೆ ಹೋಗುತ್ತದೆ, ಸರಿ. ಅದು ಮರಳಿ ಬರುವ ತಂತಿ ಯಾವುದು, ತೋರಿಸು" ಎಂದರು. ನನಗೆ ತೋರಿಸಲಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ಕಪ್ಪು ತಂತಿಗಳು ಒಂದೇ ಬಾರ್‌ಗೆ ಬಂದು ಸೇರಿದ್ದವು. ನನ್ನ ಪಾಲಿಗೆ ಅವೆಲ್ಲವೂ ಒಂದೇ ಆಗಿದ್ದವು. ಅವರು ಬೈಯಲಿಲ್ಲ. "ಎಲ್ಲವನ್ನೂ ಬಿಚ್ಚು" ಎಂದಷ್ಟೇ ಹೇಳಿ ಹೊರಟರು. ಬಿಚ್ಚಿ, ಒಂದೊಂದನ್ನೂ ಬಜರ್ ಹಿಡಿದು ಪತ್ತೆಹಚ್ಚಿ, ಫೆರುಲ್ ಎಂಬ ಸಂಖ್ಯೆಯ ಸಣ್ಣ ಕೊಳವೆ ತೊಡಿಸಿ, ಮತ್ತೆ ಕೂರಿಸುವ ಹೊತ್ತಿಗೆ ಮರುದಿನ ಮಧ್ಯಾಹ್ನವಾಗಿತ್ತು.

ಕಚೇರಿ, ಮಳಿಗೆ, ಆಸ್ಪತ್ರೆ ಮೊದಲಾದ ದೊಡ್ಡ ಕಟ್ಟಡಗಳಲ್ಲಿ ನಾವು ಕೂರಿಸುವುದು ಹೆಚ್ಚಾಗಿ ಟಿಪಿಎನ್ ಬೋರ್ಡುಗಳನ್ನು. ಕರೆಂಟು ತರುವ ತಂತಿಗಳು, ಅಂದರೆ ಫೇಸ್, ಮೂರು; ನ್ಯೂಟ್ರಲ್ ಒಂದು. ಒಳಬರುವ ಕೇಬಲ್ ಇನ್‌ಕಮರ್ ಎಂಬ ಮುಖ್ಯ ಸ್ವಿಚ್ಚಿಗೆ ಸೇರುತ್ತದೆ, ಅಲ್ಲಿಂದ ಬಸ್‌ಬಾರ್ ಎಂಬ ಲೋಹದ ಪಟ್ಟಿ, ಬಸ್‌ಬಾರಿನಿಂದ ಒಂದೊಂದೇ ಎಂಸಿಬಿ, ಎಂಸಿಬಿಯಿಂದ ಒಂದೊಂದು ಸರ್ಕ್ಯೂಟ್. 12 ವೇ ಬೋರ್ಡ್ ಎಂದರೆ ಫೇಸಿಗೆ 12ರಂತೆ 36 ಸಿಂಗಲ್ ಪೋಲ್ ಎಂಸಿಬಿಗಳಿಗೆ ಜಾಗ. ಬೋರ್ಡ್ ಆರಿಸುವಾಗ ಎಲ್ಲರೂ ಎಣಿಸುವುದು ಈ 36ನ್ನು. ನ್ಯೂಟ್ರಲ್ ಬಾರಿನಲ್ಲಿ 36 ತೂತುಗಳಿವೆಯೇ ಎಂದು ಎಣಿಸುವವರು ವಿರಳ. ಎಣಿಸದೆ ತಂದ ಬೋರ್ಡಿನಲ್ಲಿ ಕೊನೆಗೆ ಎರಡು ತಂತಿಗಳನ್ನು ಒಂದೇ ಸ್ಕ್ರೂವಿನ ಕೆಳಗೆ ಸೇರಿಸುವ ಪ್ರಸಂಗ ಬಂದೇ ಬರುತ್ತದೆ. ಹಾಗೆ ಸೇರಿಸಿದ ಜೋಡಿಯಲ್ಲಿ ದಪ್ಪ ತಂತಿ ಸ್ಕ್ರೂವಿನ ಒತ್ತಡವನ್ನೆಲ್ಲ ತಾನೇ ತೆಗೆದುಕೊಂಡುಬಿಡುತ್ತದೆ. ತೆಳುವಾದದ್ದು ಬಿಗಿಯಾದಂತೆ ಕಾಣುತ್ತದೆ, ಬಿಗಿಯಾಗಿರುವುದಿಲ್ಲ.

ನ್ಯೂಟ್ರಲ್ ಬಗೆಗಿನ ಈ ಅಸಡ್ಡೆಗೆ ಹಳೆಯ ಬೇರುಗಳಿವೆ ಎಂದು ನನಗೆ ಅನ್ನಿಸುತ್ತದೆ. 1880ರ ದಶಕದ ಆರಂಭದಲ್ಲಿ ಎಡಿಸನ್ ತನ್ನ ಡಿಸಿ ವಿತರಣೆಗೆ ಮೂರು ತಂತಿಯ ಪದ್ಧತಿಯನ್ನು ತಂದಾಗ ಅದರ ಉದ್ದೇಶ ತಾಮ್ರದ ಉಳಿತಾಯವಾಗಿತ್ತು. ಎರಡು ಜನರೇಟರ್‌ಗಳನ್ನು ಸಾಲಾಗಿ ಜೋಡಿಸಿ ನಡುವಿನಿಂದ ಒಂದು ತಂತಿಯನ್ನು ತೆಗೆದರು. ಎರಡೂ ಬದಿಯ ಲೋಡು ಸಮವಾಗಿದ್ದರೆ ಆ ನಡುವಿನ ತಂತಿಯಲ್ಲಿ ಏನೂ ಹರಿಯುವುದಿಲ್ಲ. ವ್ಯತ್ಯಾಸವಿದ್ದರೆ ಅಷ್ಟು ಮಾತ್ರ ಹರಿಯುತ್ತದೆ. ಆದ್ದರಿಂದ ಅದು ತೆಳ್ಳಗಿದ್ದರೂ ನಡೆಯುತ್ತದೆ. ತ್ರೀ ಫೇಸ್ ಎಸಿಗೂ ಅದೇ ಲೆಕ್ಕ ಮುಂದುವರಿಯಿತು. ಮೂರು ಫೇಸಿನಲ್ಲೂ 40 ಆಂಪಿಯರ್ ಇದ್ದರೆ ನ್ಯೂಟ್ರಲಿನಲ್ಲಿ ಸೊನ್ನೆ. ಒಂದರಲ್ಲಿ 60, ಉಳಿದೆರಡರಲ್ಲಿ 30 ಇದ್ದರೆ ನ್ಯೂಟ್ರಲಿನಲ್ಲಿ 30. ಈ ನಂಬಿಕೆಯ ಮೇಲೆಯೇ ಮೂರೂವರೆ ಕೋರ್ ಕೇಬಲ್ ಬಂದದ್ದು: ಮೂರು ಪೂರ್ಣ ಗಾತ್ರದ ಫೇಸ್‌ಗಳು, ಹೆಚ್ಚುಕಡಿಮೆ ಅರ್ಧ ಗಾತ್ರದ ನ್ಯೂಟ್ರಲ್. ಆ "ಅರೆ" ಎಂಬ ಮಾತು ಕೇಬಲಿನಲ್ಲಿ ಉಳಿಯದೆ ಕೆಲಸ ಮಾಡುವವರ ಮನಸ್ಸಿಗೂ ಇಳಿದುಬಿಟ್ಟಿತು.

ಲೆಕ್ಕವೇನೋ ಸುಳ್ಳಲ್ಲ. ಆದರೆ ಅದು ದೀಪವೆಂದರೆ ಬುರುಡೆ, ಯಂತ್ರವೆಂದರೆ ಮೋಟಾರ್ ಆಗಿದ್ದ ಕಾಲದ ಲೆಕ್ಕ. ಇಂದಿನ ಕಚೇರಿಯಲ್ಲಿ ಇರುವುದೆಲ್ಲ ಎಲ್‌ಇಡಿ ಡ್ರೈವರ್, ಕಂಪ್ಯೂಟರ್, ಯುಪಿಎಸ್, ಚಾರ್ಜರ್. ಇವು ಕರೆಂಟನ್ನು ನುಣುಪಾದ ಅಲೆಯಂತೆ ಎಳೆಯುವುದಿಲ್ಲ; ವೋಲ್ಟೇಜು ತುದಿಗೇರಿದ ಕ್ಷಣದಲ್ಲಿ ಗಬಕ್ಕನೆ ಎಳೆದು ಬಿಡುತ್ತವೆ. ಹಾಗೆ ಎಳೆದಾಗ 50 ಹರ್ಟ್ಸ್‌ನ ಜೊತೆಗೆ 150 ಹರ್ಟ್ಸ್‌ನ ಮೂರನೆಯ ಹಾರ್ಮೋನಿಕ್, ಅಂದರೆ ಮೂರು ಪಟ್ಟು ವೇಗದ ಅಲೆ, ಹುಟ್ಟುತ್ತದೆ. ಮೂರು ಫೇಸ್‌ಗಳ 50 ಹರ್ಟ್ಸ್ ಕರೆಂಟುಗಳು ನ್ಯೂಟ್ರಲಿನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತವೆ. ಮೂರನೆಯ ಹಾರ್ಮೋನಿಕ್‌ಗಳು ಮಾತ್ರ ಒಂದೇ ಹೆಜ್ಜೆಯಲ್ಲಿ ಬಂದು ಕೂಡಿಕೊಳ್ಳುತ್ತವೆ: ಫೇಸಿಗೆ 10 ಆಂಪಿಯರ್ ಇದ್ದರೆ ನ್ಯೂಟ್ರಲಿನಲ್ಲಿ 30. ಇಂಥ ಲೋಡೇ ತುಂಬಿರುವ ಬೋರ್ಡಿನಲ್ಲಿ ನ್ಯೂಟ್ರಲ್ ಕರೆಂಟು ಫೇಸ್ ಕರೆಂಟಿನ 1.73 ಪಟ್ಟಿನವರೆಗೆ ಹೋಗಬಹುದು ಎಂದು ಲೆಕ್ಕ ಹೇಳುತ್ತದೆ. ಮೂರೂ ಫೇಸನ್ನು ಅಚ್ಚುಕಟ್ಟಾಗಿ ಬ್ಯಾಲೆನ್ಸ್ ಮಾಡಿದ್ದರೂ ಇದು ತಪ್ಪುವುದಿಲ್ಲ. ಒಂದು ಸಾಲಿಗೆ ನೂರಾರು ಕಂಪ್ಯೂಟರ್‌ಗಳಿದ್ದ ಮಹಡಿಯೊಂದರಲ್ಲಿ ನಾನು ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಟಂಗ್ ಟೆಸ್ಟರ್ ಹಾಕಿ ನೋಡಿದಾಗ ಫೇಸ್‌ಗಳಿಗಿಂತ ನ್ಯೂಟ್ರಲಿನಲ್ಲೇ ಹೆಚ್ಚು ಕರೆಂಟಿತ್ತು. ಇನ್‌ಕಮರಿನ ಟ್ರಿಪ್ ಯೂನಿಟ್ ಮೂರು ಫೇಸ್‌ಗಳನ್ನು ಮಾತ್ರ ಕಾಯುತ್ತಿತ್ತು. ನಾಲ್ಕನೆಯದನ್ನು ಕಾಯುವವರು ಯಾರೂ ಇರಲಿಲ್ಲ. ಅಂದಿನಿಂದ ಇಂಥ ಜಾಗಗಳಿಗೆ ಪೂರ್ಣ ಗಾತ್ರದ ನಾಲ್ಕು ಕೋರ್ ಕೇಬಲನ್ನೇ ಕೇಳುತ್ತೇನೆ. ಹಣ ಉಳಿಸಲೇಬೇಕೆಂದು ಪಟ್ಟು ಹಿಡಿಯುವವರೊಡನೆ ವಾದ ಮಾಡುತ್ತೇನೆ. ಕೆಲವು ಬಾರಿ ಸೋತಿದ್ದೇನೆ.

ಈಗ ನನ್ನದೇ ತಪ್ಪಿನ ವಿಷಯ. ಒಂದು ಕಟ್ಟಡದ ಮಹಡಿಯ ಬೋರ್ಡಿಗೆ ಅಲ್ಯೂಮಿನಿಯಂ ಕೇಬಲ್ ತಂದಿದ್ದೆವು. ಮೂರು ಫೇಸ್‌ಗಳ ತುದಿಗೆ ಲಗ್ ಎಂಬ ಲೋಹದ ಹಿಡಿಗಳನ್ನು ಅದುಮಿ ಕೂರಿಸಿ, ವಾಷರ್ ಇಟ್ಟು, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ ಬಿಗಿದು, ಬೋಲ್ಟಿನ ತಲೆಯ ಮೇಲೆ ಬಣ್ಣದ ಗೆರೆ ಎಳೆದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಪಕ್ಕದ ಮಹಡಿಯಿಂದ ಕರೆ ಬಂತು. ಕೈಯಲ್ಲಿದ್ದ ಸಾಮಾನ್ಯ ಸ್ಪ್ಯಾನರ್‌ನಿಂದ ತಿರುಗಿಸಿ, ಆಮೇಲೆ ನೋಡೋಣವೆಂದು ಹೋದೆ. ಆಮೇಲೆ ನೋಡಲಿಲ್ಲ. ಮುಚ್ಚಳ ಹಾಕಿದವನೂ ನಾನೇ.

ಮೂರು ತಿಂಗಳ ನಂತರ ಒಂದು ಬೆಳಿಗ್ಗೆ ಕರೆ ಬಂತು. ಅರ್ಧ ಮಹಡಿಯಲ್ಲಿ ದೀಪಗಳು ಕಣ್ಣು ಕುಕ್ಕುವಂತೆ ಉರಿಯುತ್ತಿದ್ದವು, ಉಳಿದ ಅರ್ಧದಲ್ಲಿ ಮಂಕಾಗಿ ನಡುಗುತ್ತಿದ್ದವು. ನಾನು ತಲುಪುವ ಮೊದಲೇ ಕೆಲವು ಪವರ್ ಸಪ್ಲೈಗಳು ಸುಟ್ಟಿದ್ದವು. ಒಂದು ಎಂಸಿಬಿಯೂ ಟ್ರಿಪ್ ಆಗಿರಲಿಲ್ಲ. ನ್ಯೂಟ್ರಲ್ ಲಗ್ ಸಡಿಲವಾಗಿ, ಕಿಡಿ ಹಾರಿ, ಕರಿಯಾಗಿ, ಕೊನೆಗೆ ಸಂಪರ್ಕವೇ ಕಡಿದಿತ್ತು.

ನ್ಯೂಟ್ರಲ್ ಕಡಿದಾಗ ಏನಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಫೇಸಿನಿಂದ ಹೊರಟ ಕರೆಂಟಿಗೆ ಮನೆಗೆ ಮರಳುವ ದಾರಿ ಮುಚ್ಚಿಹೋದಾಗ ಅದು ಇನ್ನೊಂದು ಫೇಸಿನ ಲೋಡಿನ ಮೂಲಕ ನುಗ್ಗುತ್ತದೆ. ಎರಡು ಲೋಡುಗಳು ಒಂದರ ಹಿಂದೊಂದು ನಿಂತು 400 ವೋಲ್ಟನ್ನು ಹಂಚಿಕೊಳ್ಳುತ್ತವೆ, ಅದೂ ತಿರುವುಮುರುವಾಗಿ. ಒಂದು ಫೇಸಿನಲ್ಲಿ 50 ಓಮಿನ ಭಾರಿ ಲೋಡು, ಇನ್ನೊಂದರಲ್ಲಿ 500 ಓಮಿನ ಹಗುರ ಲೋಡು ಮಾತ್ರ ಇವೆ ಎಂದುಕೊಳ್ಳಿ. ಭಾರಿ ಲೋಡಿಗೆ ಸಿಗುವುದು 36 ವೋಲ್ಟ್, ಹಗುರವಾದದ್ದಕ್ಕೆ 364. ಪಾಪದ ಚಿಕ್ಕ ಉಪಕರಣವೇ ಪೆಟ್ಟು ತಿನ್ನುತ್ತದೆ. ಎಂಸಿಬಿ ಇದನ್ನು ತಡೆಯುವುದಿಲ್ಲ, ಏಕೆಂದರೆ ಅದು ನೋಡುವುದು ಕರೆಂಟು ಮಿತಿ ಮೀರಿತೇ ಎಂಬುದನ್ನು ಮಾತ್ರ. ಕರೆಂಟು ಸೋರಿದರೆ ಕಡಿಯುವ ಆರ್‌ಸಿಸಿಬಿಯೂ ತಡೆಯುವುದಿಲ್ಲ, ಅದು ನೋಡುವುದು ಹೋದಷ್ಟು ಮರಳಿ ಬಂತೇ ಎಂಬುದನ್ನು. ವೋಲ್ಟೇಜನ್ನು ಕಾಯುವ ರಿಲೇ ಬೇರೆಯೇ ಬೇಕು. ಇನ್‌ಕಮರ್ ಜೊತೆಗೆ ಅದನ್ನು ಹಾಕಿಸಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಆದರೆ ರಿಲೇ ಎರಡನೆಯ ಮಾತು. ಮೊದಲನೆಯದು ಆ ಬೋಲ್ಟು.

ಬಿಗಿತದ ಬಗ್ಗೆ ಇನ್ನಷ್ಟು ಹೇಳಬೇಕು. 40 ಆಂಪಿಯರ್ ಹರಿಯುವ ಜೋಡಣೆಯೊಂದರಲ್ಲಿ ಕೇವಲ 10 ಮಿಲಿಓಮ್ ನಿರೋಧ ಇದ್ದರೂ ಅಲ್ಲಿ 16 ವ್ಯಾಟ್ ಶಾಖ ಹುಟ್ಟುತ್ತದೆ. ಬೆರಳ ತುದಿಯಷ್ಟು ಜಾಗದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಹಗಲಿಡೀ 16 ವ್ಯಾಟ್. ಶಾಖದಿಂದ ಲೋಹ ಹಿಗ್ಗುತ್ತದೆ, ಲೋಡು ಇಳಿದಾಗ ಕುಗ್ಗುತ್ತದೆ, ಜೋಡಣೆ ಇನ್ನಷ್ಟು ಸಡಿಲವಾಗುತ್ತದೆ, ಮೇಲ್ಮೈ ಕಪ್ಪುಗಟ್ಟುತ್ತದೆ, ನಿರೋಧ ಏರುತ್ತದೆ. ಅಲ್ಯೂಮಿನಿಯಂ ಆದರೆ ಒತ್ತಡಕ್ಕೆ ಸಿಕ್ಕಿ ನಿಧಾನವಾಗಿ ಹರಿದು ಜಾರುವ ಸ್ವಭಾವವೂ ಸೇರುತ್ತದೆ. ತಾಮ್ರದ ಮೇಲೆ ಅದನ್ನು ನೇರವಾಗಿ ಕೂರಿಸದೆ ಬೈಮೆಟಲ್ ಲಗ್ ಬಳಸಬೇಕಾದದ್ದು ಬೇರೆ. ಹಾಗೆಂದು ಮೈಯೆಲ್ಲ ಬಲ ಹಾಕಿ ತಿರುಗಿಸಿದರೆ ಎಳೆಗಳು ಕತ್ತರಿಸಿ ಹೋಗುತ್ತವೆ. ಎಷ್ಟು ಬಿಗಿಯಬೇಕೆಂದು ಉಪಕರಣದ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಸಣ್ಣ ಎಂಸಿಬಿಗಳಿಗೆ ಸಾಮಾನ್ಯವಾಗಿ 2ರಿಂದ 3 ನ್ಯೂಟನ್ ಮೀಟರ್ ಆಸುಪಾಸು. ಕೈ ಅಂದಾಜನ್ನು ನಾನು ನಂಬುವುದಿಲ್ಲ. ನನ್ನ ಕೈ ಬೆಳಿಗ್ಗೆ ಒಂದು ಅಂದಾಜು ಹೇಳುತ್ತದೆ, ಸಂಜೆ ಇನ್ನೊಂದು. ಟಾರ್ಕ್ ಸ್ಕ್ರೂಡ್ರೈವರ್ ಎರಡು ಹೊತ್ತಿನಲ್ಲೂ ಒಂದೇ ಮಾತು ಹೇಳುತ್ತದೆ.

ಆ ಬೆಳಗಿನ ನಂತರ ನಾನು ಕೆಲಸದ ಕ್ರಮವನ್ನೇ ತಿರುಗಿಸಿಕೊಂಡೆ. ನ್ಯೂಟ್ರಲ್ ಮೊದಲು, ಫೇಸ್ ಆಮೇಲೆ. ಕಳಚುವಾಗ ಫೇಸ್ ಮೊದಲು, ನ್ಯೂಟ್ರಲ್ ಕೊನೆಗೆ. ಇದು ನಾನು ಕಂಡುಹಿಡಿದದ್ದೇನಲ್ಲ. ನಾಲ್ಕು ಪೋಲಿನ ಸ್ವಿಚ್ಚುಗಳನ್ನು ಮಾಡುವವರು ಅದರೊಳಗೇ ಈ ನಿಯಮವನ್ನು ಇಟ್ಟಿದ್ದಾರೆ: ನ್ಯೂಟ್ರಲ್ ಪೋಲ್ ಫೇಸ್‌ಗಳಿಗಿಂತ ತಡವಾಗಿ ಕೂಡುವಂತಿಲ್ಲ, ಮೊದಲೇ ಬಿಡುವಂತಿಲ್ಲ. ನ್ಯೂಟ್ರಲಿನಲ್ಲಿ ಬಿಡಿ ಫ್ಯೂಸ್ ಹಾಕಬಾರದೆಂಬ ನಿಯಮಕ್ಕೂ ಇದೇ ಕಾರಣ. ಎಲ್ಲರಿಗೂ ಗೊತ್ತಿರುವ ಈ ನಿಯಮವನ್ನು ಸ್ಪ್ಯಾನರ್ ಹಿಡಿದ ಕೈ ಮಾತ್ರ ಮರೆಯುತ್ತದೆ.

ಬೋರ್ಡನ್ನು ಗೋಡೆಗೆ ಕೂರಿಸುವ ಕೆಲಸದ ಬಗ್ಗೆ ಬಹಳ ಹೇಳುವುದಿಲ್ಲ. ಗಟ್ಟಿ ಗೋಡೆ, ರಸಮಟ್ಟ, ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ, ಮುಂದೆ ಒಬ್ಬ ಮನುಷ್ಯ ಆರಾಮವಾಗಿ ನಿಂತು ಕೆಲಸ ಮಾಡುವಷ್ಟು ತೆರಪು. ಮೇಲೆ ನೀರಿನ ಪೈಪು ಹೋಗಬಾರದು. ಕೊರೆಯುವ ಕೆಲಸವನ್ನೆಲ್ಲ ಬಸ್‌ಬಾರ್ ಮತ್ತು ಎಂಸಿಬಿಗಳು ಬರುವ ಮೊದಲೇ ಮುಗಿಸಬೇಕು. ಉಕ್ಕಿನ ಒಂದು ಚೂರು ಎರಡು ಫೇಸ್‌ಗಳ ನಡುವೆ ಬಿದ್ದರೆ ಸಾಕು, ಶಾರ್ಟ್ ಆಗುತ್ತದೆ. ಆದರೆ ಕೇಬಲ್‌ಗಳು ಒಳಬರುವ ಗ್ಲ್ಯಾಂಡ್ ಪ್ಲೇಟಿನ ವಿಷಯದಲ್ಲಿ ಒಂದು ಮಾತು. ಬಿಡಿ ಕೋರಿನ ದಪ್ಪ ಕೇಬಲ್‌ಗಳನ್ನು ಉಕ್ಕಿನ ಪ್ಲೇಟಿನ ಬೇರೆ ಬೇರೆ ತೂತುಗಳಿಂದ ಒಳತರುವುದನ್ನು ಈಗಲೂ ಕಾಣುತ್ತೇನೆ. ಒಂದೊಂದು ತಂತಿಯ ಸುತ್ತಲಿನ ಕಾಂತಕ್ಷೇತ್ರ ಉಕ್ಕಿನಲ್ಲಿ ಸುಳಿ ಪ್ರವಾಹವನ್ನು ಹುಟ್ಟಿಸಿ ಪ್ಲೇಟನ್ನೇ ಬಿಸಿ ಮಾಡುತ್ತದೆ. ಮೂರು ಫೇಸ್ ಮತ್ತು ನ್ಯೂಟ್ರಲ್ ಒಟ್ಟಿಗೆ ಒಂದೇ ತೆರಪಿನಿಂದ ಬಂದರೆ ಹೋಗುವುದೂ ಬರುವುದೂ ಒಂದನ್ನೊಂದು ಅಳಿಸಿ ಪ್ಲೇಟು ತಣ್ಣಗಿರುತ್ತದೆ. ಫೇಸ್‌ಗಳನ್ನು ಒಟ್ಟಿಗೆ ತಂದು ನ್ಯೂಟ್ರಲನ್ನು ಮಾತ್ರ ಪಕ್ಕದ ತೂತಿಗೆ ಅಟ್ಟಿದರೆ ಲೆಕ್ಕ ಅಷ್ಟರ ಮಟ್ಟಿಗೆ ಮತ್ತೆ ಕೆಡುತ್ತದೆ. ಆ ಪ್ಲೇಟಿನ ಮೇಲೆ ಅಂಗೈ ಇಟ್ಟು ನೋಡಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಬಣ್ಣದ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಪದ್ಧತಿಯಲ್ಲಿ ಫೇಸ್‌ಗಳು ಕೆಂಪು, ಹಳದಿ, ನೀಲಿ, ನ್ಯೂಟ್ರಲ್ ಕಪ್ಪು. ಇನ್ನೊಂದರಲ್ಲಿ ಫೇಸ್‌ಗಳು ಕಂದು, ಕಪ್ಪು, ಬೂದು, ನ್ಯೂಟ್ರಲ್ ನೀಲಿ. ಬ್ರಿಟನ್ 2004ರಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಹೊರಳಲು ಆರಂಭಿಸಿ 2006ರಲ್ಲಿ ಹೊಸ ಕೆಲಸಕ್ಕೆಲ್ಲ ಅದನ್ನೇ ಕಡ್ಡಾಯ ಮಾಡಿತು. ಒಂದರ ನ್ಯೂಟ್ರಲ್ ಇನ್ನೊಂದರಲ್ಲಿ ಫೇಸ್. ಒಂದರ ಫೇಸ್ ಇನ್ನೊಂದರಲ್ಲಿ ನ್ಯೂಟ್ರಲ್. ಬೇರೆ ದೇಶದಿಂದ ಕಟ್ಟಿ ಬಂದ ಯಂತ್ರದ ಪ್ಯಾನೆಲ್ಲನ್ನು ನಮ್ಮ ಬೋರ್ಡಿಗೆ ಜೋಡಿಸುವಾಗ, ಹಳೆಯ ಕಟ್ಟಡಕ್ಕೆ ಹೊಸ ಭಾಗ ಸೇರಿಸುವಾಗ, ಬಣ್ಣ ನೋಡಿ ತಂತಿ ಮುಟ್ಟುವವನಿಗೆ ಅಪಾಯ ಕಾದಿದೆ. ಮೀಟರ್ ಹಾಕಿ ನೋಡಿ, ಎರಡೂ ತುದಿಗೆ ಅಕ್ಷರದ ಗುರುತು ಹಾಕಿ, ಆಮೇಲೆ ಸ್ಕ್ರೂಡ್ರೈವರ್ ಎತ್ತಿಕೊಳ್ಳಬೇಕು.

ಆರ್‌ಸಿಸಿಬಿ ಬಂದ ಮೇಲೆ ನ್ಯೂಟ್ರಲ್ ತನ್ನ ಮಾತನ್ನು ತಾನೇ ಹೇಳಲು ಕಲಿಯಿತು ಎನ್ನಬಹುದು. ಮನುಷ್ಯನ ದೇಹ ಎಷ್ಟು ಕರೆಂಟನ್ನು ತಡೆದುಕೊಳ್ಳುತ್ತದೆ, ಹಿಡಿದ ತಂತಿಯನ್ನು ಬಿಡಲು ಎಷ್ಟರವರೆಗೆ ಸಾಧ್ಯ ಎಂಬುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಚಾರ್ಲ್ಸ್ ಡಾಲ್ಜಿಯಲ್ ಎಂಬ ಅಮೆರಿಕದ ಪ್ರಾಧ್ಯಾಪಕರು 1961ರಲ್ಲಿ ಇಂಥದೊಂದು ಸೂಕ್ಷ್ಮ ಉಪಕರಣವನ್ನು ರೂಪಿಸಿದರು. ಯುರೋಪಿನಲ್ಲೂ ಆಸುಪಾಸಿನ ವರ್ಷಗಳಲ್ಲಿ ಕೆಲಸ ನಡೆದಿತ್ತು. ತತ್ತ್ವ ಸರಳ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಕಾಂತದ ಉಂಗುರದ ಮೂಲಕ ಹಾದುಹೋಗುತ್ತವೆ. ಹೋದಷ್ಟೂ ಬಂದರೆ ಉಂಗುರ ಸುಮ್ಮನಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ, ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ ಸಮಯದಲ್ಲಿ, ಕಡಿಯುತ್ತದೆ. ಮರಳಿ ಬಾರದ ಆ ಕರೆಂಟು ಯಾರದೋ ಮೈಯಿಂದ ಭೂಮಿಗೆ ಇಳಿಯುತ್ತಿರಬಹುದು ಎಂಬ ಎಚ್ಚರ ಅದರದು.

ಒಂದು ಬೋರ್ಡಿನಲ್ಲಿ ಎರಡೋ ಮೂರೋ ಆರ್‌ಸಿಸಿಬಿಗಳಿದ್ದರೆ ಅಷ್ಟೇ ನ್ಯೂಟ್ರಲ್ ಬಾರ್‌ಗಳು ಬೇಕು. ಒಂದನೆಯ ಗುಂಪಿನ ಸರ್ಕ್ಯೂಟಿನ ನ್ಯೂಟ್ರಲ್ ಎರಡನೆಯ ಗುಂಪಿನ ಬಾರಿಗೆ ಹೋಗಿ ಕೂತರೆ, ದೀಪ ಹಾಕಿದ ಕ್ಷಣ ಎರಡೂ ಆರ್‌ಸಿಸಿಬಿಗಳಿಗೆ ಲೆಕ್ಕ ತಪ್ಪುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆ, ಉಪಕರಣವೇ ಕೆಟ್ಟಿದೆ, ಎಂದು ದೂರು ಬಂದ ಬೋರ್ಡುಗಳಲ್ಲಿ ಹಲವನ್ನು ನಾನು ತೆರೆದು ನೋಡಿದ್ದೇನೆ. ಉಪಕರಣ ಕೆಟ್ಟದ್ದು ಅಪರೂಪ. ಒಂದು ಕಡೆಯಂತೂ ಬೇಸತ್ತ ಯಾರೋ ಆರ್‌ಸಿಸಿಬಿಯ ಮೇಲಿನಿಂದ ಕೆಳಕ್ಕೆ ತಂತಿ ಹಾಕಿ ಅದನ್ನು ದಾಟಿಸಿಬಿಟ್ಟಿದ್ದರು. ಅದನ್ನು ಕಂಡು ನನಗೆ ಕೋಪಕ್ಕಿಂತ ಹೆಚ್ಚಾಗಿ ಭಯವಾಯಿತು. ಆ ಬೋರ್ಡಿನ ಮೇಲಿದ್ದದ್ದು ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವವರ ಸಾಕೆಟ್‌ಗಳು. ಎಂಟು ನ್ಯೂಟ್ರಲ್‌ಗಳನ್ನು ಬಿಚ್ಚಿ ನೋಡಿದಾಗ ಒಂದೇ ಒಂದು ತಂತಿ ಪಕ್ಕದ ಬಾರಿನಲ್ಲಿತ್ತು. ಅದನ್ನು ಎರಡು ಅಂಗುಲ ಸರಿಸಿದ್ದೇ ಇಡೀ ದುರಸ್ತಿ.

ಇನ್ನೊಂದು ಬಗೆಯ ತೊಂದರೆಯೂ ಉಂಟು, ಹೊಸಬರನ್ನು ದಿನಗಟ್ಟಲೆ ಕಾಡುವಂಥದ್ದು. ಎಲ್ಲ ಎಂಸಿಬಿಗಳನ್ನೂ ಆಫ್ ಮಾಡಿದ್ದರೂ ಆರ್‌ಸಿಸಿಬಿ ಆನ್ ಆಗಿ ನಿಲ್ಲುವುದಿಲ್ಲ, ಟ್ರಿಪ್ ಆಗುತ್ತದೆ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಕೂಡಿಕೊಂಡೇ ಇರುತ್ತದೆ. ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಸ್ಕ್ರೂವಿಗೆ ಸಿಕ್ಕಿ ಅದರ ಹೊದಿಕೆ ಹರಿದು ಅರ್ಥ್ ತಂತಿಗೋ ಲೋಹಕ್ಕೋ ತಾಗಿದ್ದರೆ ಕಟ್ಟಡದ ಬೇರೆ ಲೋಡುಗಳಿಂದ ಮರಳುವ ಕರೆಂಟಿನ ಒಂದು ಪಾಲು ಅಡ್ಡದಾರಿ ಹಿಡಿಯುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಕೂಡುವುದು ಮೂಲದ ಬಳಿ, ಒಂದೇ ಕಡೆ. ಅಲ್ಲಿಂದ ಮುಂದೆ ಮಹಡಿಯ ಬೋರ್ಡುಗಳಲ್ಲಿ ಎರಡೂ ಬಾರ್‌ಗಳು ಒಂದನ್ನೊಂದು ಮುಟ್ಟುವಂತಿಲ್ಲ. ಎರಡಕ್ಕೂ ನಡುವೆ ಒಂದು ತುಂಡು ತಂತಿ ಹಾಕಿ "ಅರ್ಥ್ ಗಟ್ಟಿ ಮಾಡಿದ್ದೇನೆ" ಎಂದು ಹೇಳುವವರನ್ನು ಕಂಡಿದ್ದೇನೆ. ಅವರು ಗಟ್ಟಿ ಮಾಡಿದ್ದು ಏನನ್ನೂ ಅಲ್ಲ. ಅರ್ಥ್ ತಂತಿ, ಕೇಬಲ್ ಟ್ರೇ, ಯಂತ್ರದ ಮೈ, ಎಲ್ಲದರ ಮೇಲೂ ಕರೆಂಟು ಹರಿಯಲು ಬಿಟ್ಟಿದ್ದಾರೆ.

ನನ್ನ ಕೈಯಲ್ಲಿ ಇಂದಿಗೂ ಒಂದು ಜುಮ್ಮೆನ್ನುವ ನೆನಪಿದೆ. ಎಂಟನೆಯ ಸರ್ಕ್ಯೂಟನ್ನು ಬೇರೆ ಕಡೆಗೆ ಸರಿಸಬೇಕಿತ್ತು. ಎಂಟರ ಎಂಸಿಬಿ ಆಫ್ ಮಾಡಿ, ಬೀಗ ಹಾಕಿ, ಟೆಸ್ಟರನ್ನು ಮೊದಲು ಜೀವವಿರುವ ಕಡೆ ನೋಡಿ, ಎಂಟರ ಮೇಲೆ ನೋಡಿ, ಮತ್ತೆ ಜೀವವಿರುವ ಕಡೆ ನೋಡಿ ಖಾತ್ರಿ ಮಾಡಿಕೊಂಡೆ. ಎಂಟರ ನ್ಯೂಟ್ರಲನ್ನು ಬಾರಿನಿಂದ ಎತ್ತಿದೆ. ಎತ್ತಿದ ಕ್ಷಣ ಕೈ ಹಿಂದಕ್ಕೆ ಎಸೆಯಿತು. ಯಾರೋ ಹಿಂದೆ ಹಜಾರದ ದೀಪಗಳಿಗೆ ಫೇಸನ್ನು ಏಳರಿಂದ ತಂದು, ನ್ಯೂಟ್ರಲನ್ನು ಹತ್ತಿರವಿದ್ದ ಎಂಟರ ಪೆಟ್ಟಿಗೆಯಿಂದ ತೆಗೆದುಕೊಂಡಿದ್ದರು. ಏಳರ ದೀಪಗಳು ಉರಿಯುತ್ತಿದ್ದವು, ಅವುಗಳ ಕರೆಂಟು ಎಂಟರ ನ್ಯೂಟ್ರಲಿನಲ್ಲಿ ಮರಳುತ್ತಿತ್ತು. ಬಾರ್‌ಗೆ ಸೇರಿದ್ದಾಗ ಆ ತಂತಿಯ ಮೇಲೆ ವೋಲ್ಟೇಜ್ ಇರಲಿಲ್ಲ, ಆದ್ದರಿಂದ ಟೆಸ್ಟರ್ ಸುಳ್ಳು ಹೇಳಲಿಲ್ಲ. ಬಾರಿನಿಂದ ಬಿಟ್ಟಾಗ ದೀಪಗಳ ಮೂಲಕ ಫೇಸಿನ ವೋಲ್ಟೇಜೇ ಅದರ ತುದಿಗೆ ಬಂದು ನಿಂತಿತು. ಇದಕ್ಕೆ ನಮ್ಮಲ್ಲಿ ಎರವಲು ನ್ಯೂಟ್ರಲ್ ಎನ್ನುತ್ತೇವೆ. ಎರವಲು ತಂದವನಿಗೆ ಅಂದು ಹತ್ತು ಮೀಟರ್ ತಂತಿ ಉಳಿಯಿತು. ಈಗ ಯಾವ ಹಳೆಯ ಬೋರ್ಡಿನಲ್ಲೂ ನ್ಯೂಟ್ರಲ್ ಎತ್ತುವ ಮೊದಲು ಅದರ ಸುತ್ತ ಟಂಗ್ ಟೆಸ್ಟರ್ ಹಾಕಿ ಕರೆಂಟು ಸೊನ್ನೆಯೇ ಎಂದು ನೋಡುತ್ತೇನೆ. ಸಾಧ್ಯವಾದ ಕಡೆಯೆಲ್ಲ ಇಡೀ ಬೋರ್ಡನ್ನೇ ಆಫ್ ಮಾಡಿಸುತ್ತೇನೆ. ಅರ್ಧ ಗಂಟೆ ಕಚೇರಿ ನಿಂತರೆ ಏನೂ ಮುಳುಗುವುದಿಲ್ಲ.

ಕೆಲಸ ಮುಗಿದ ಮೇಲಿನ ಪರೀಕ್ಷೆಯಲ್ಲಿ ಸಂಖ್ಯೆ ಹಾಕಿದ ನ್ಯೂಟ್ರಲಿನ ಬೆಲೆ ತಿಳಿಯುತ್ತದೆ. ಮೆಗ್ಗರ್ ಎಂಬ ನಿರೋಧ ಅಳೆಯುವ ಉಪಕರಣದಿಂದ 500 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಷನ್ ನೋಡುತ್ತೇವೆ. ಕನಿಷ್ಠ 1 ಮೆಗಾಓಮ್ ಬೇಕೆಂದು ನಿಯಮ. ಹೊಸ ಕೆಲಸದಲ್ಲಿ ನೂರಾರು ಬರಬೇಕು, ಐದೋ ಹತ್ತೋ ಬಂದರೆ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೆ ಮುನ್ನ ಸರ್ಜ್ ರಕ್ಷಕಗಳನ್ನೂ ಎಲೆಕ್ಟ್ರಾನಿಕ್ ಉಪಕರಣಗಳನ್ನೂ ಬಿಡಿಸಿರಬೇಕು, ಇಲ್ಲವಾದರೆ ಅವೇ ಬಲಿ. ಒಟ್ಟು ಬೋರ್ಡಿನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕಡಿಮೆ ಬಂತೆನ್ನಿ. ಆಗ ಒಂದೊಂದೇ ನ್ಯೂಟ್ರಲನ್ನು ಬಾರಿನಿಂದ ಬಿಡಿಸಿ ನೋಡಬೇಕು. ಒಂದರಿಂದ 36ರವರೆಗೆ ಎಂಸಿಬಿಯ ಕ್ರಮದಲ್ಲೇ ಕೂತಿದ್ದರೆ ಅರ್ಧ ಗಂಟೆಯಲ್ಲಿ ತಪ್ಪು ಸಿಗುತ್ತದೆ. ಕ್ರಮವಿಲ್ಲದಿದ್ದರೆ ಆ ದಿನ ಹೋಯಿತು. ಅರ್ಥ್ ಲೂಪ್, ಪೊಲಾರಿಟಿ, ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಿಗೆ ಬಿಡುತ್ತದೆ, ಇವೆಲ್ಲ ಆಮೇಲೆ. ಉಪಯೋಗಿಸದೆ ಉಳಿದ ಎಂಸಿಬಿ ಜಾಗಗಳಿಗೆ ಮುಚ್ಚುಪಟ್ಟಿ ಹಾಕುವುದನ್ನು ಮಾತ್ರ ಯಾರೂ ಮರೆಯಬಾರದು. ಬೆರಳು ತೂರುವ ತೆರಪಿನ ಹಿಂದೆಯೇ ಬಸ್‌ಬಾರ್ ಇರುತ್ತದೆ.

ಕಳೆದ ಮಳೆಗಾಲದಲ್ಲಿ ನಾನು ಹನ್ನೆರಡು ವರ್ಷಗಳ ಹಿಂದೆ ಮಾಡಿದ ಬೋರ್ಡೊಂದಕ್ಕೆ ಹೊಸ ಸರ್ಕ್ಯೂಟ್ ಸೇರಿಸಲು ಹೋಗಿದ್ದೆ. ಜೊತೆಗೆ ಕೆಲಸ ಕಲಿಯುತ್ತಿರುವ ಹುಡುಗನೊಬ್ಬ ಇದ್ದ. ಇನ್‌ಕಮರ್ ಆಫ್ ಮಾಡಿ ಬೀಗ ಹಾಕಿ, ಪರೀಕ್ಷಿಸಿ, ಮುಚ್ಚಳ ತೆಗೆದೆವು. ನಡುವೆ ಯಾರೋ ಎರಡು ಎಂಸಿಬಿಗಳನ್ನು ಬದಲಿಸಿದ್ದರು, ಒಂದು ಹೊಸ ಸಾಲನ್ನೂ ಸೇರಿಸಿದ್ದರು. ನಾನು ಹೆದರಿಕೊಂಡೇ ನ್ಯೂಟ್ರಲ್ ಬಾರ್ ಕಡೆ ನೋಡಿದೆ. ಹೊಸ ತಂತಿಗೂ ಫೆರುಲ್ ಇತ್ತು, 29 ಎಂದು. ಇಪ್ಪತ್ತೊಂಬತ್ತನೆಯ ತೂತಿನಲ್ಲೇ ಇತ್ತು. ಬಾಗಿಲಿನ ಒಳಗಿನ ಪಟ್ಟಿಯಲ್ಲಿ ನನ್ನದಲ್ಲದ ಅಕ್ಷರದಲ್ಲಿ ಅದರ ಹೆಸರೂ ದಿನಾಂಕವೂ ಇದ್ದವು.

"ಮೇಸ್ತ್ರಿಗಳೇ, ಮೊದಲು ಫೇಸ್ ಕೂರಿಸಲೇ?" ಎಂದು ಹುಡುಗ ಕೇಳಿದ.

"ಬೇಡ. ಮೂವತ್ತನೆಯ ತೂತು ಖಾಲಿ ಇದೆಯೇ ನೋಡು" ಎಂದೆ.

ಇತ್ತು. ಅವನು ನ್ಯೂಟ್ರಲಿನ ತುದಿಗೆ 30ರ ಫೆರುಲ್ ತೊಡಿಸಿದ, ಉಳಿದ ತಂತಿಗಳು ಬಾಗಿದ ಹಾಗೆಯೇ ಇದನ್ನೂ ಬಾಗಿಸಿ ತೂತಿಗೆ ಇಳಿಸಿದ, ಟಾರ್ಕ್ ಸ್ಕ್ರೂಡ್ರೈವರ್ ಹಿಡಿದು ತಿರುಗಿಸಿದ. ಕಟಕ್ ಎಂದು ಸದ್ದಾಯಿತು. ಕೈ ತೆಗೆದು, ತಂತಿಯನ್ನು ಒಮ್ಮೆ ಎಳೆದು ನೋಡಿ, ಆಮೇಲೆ ಅವನು ಫೇಸಿನ ತಂತಿಯನ್ನು ಎತ್ತಿಕೊಂಡ.